ಮೂಗಿಗೆ ಗ್ಯಾಸ್, ಕಿವಿಗೆ ಮಾತು

೭ ಜೂನ್ ೧೯೭೬, ಸೋಮವಾರ

ನಮ್ಮ ಹಲ್ಲಿನ ಕ್ಲಿನಿಕ್ಕಿಗೆ ಹೊಸಬಳು ಬಂದಳು. ಮನೋರಮಾ. ಅಪ್ಪ ಯಾವುದೋ ಮಂತ್ರಾಲಯದಲ್ಲಿ ಅಂಡರ್ ಸೆಕ್ರೆಟರಿ, ಮನೆ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸು. ಮೂಲ ಮೈಸೂರು, ಬೆಳೆದದ್ದೆಲ್ಲ ದಿಲ್ಲಿ. ಕಾನ್ವೆಂಟಿನ ಇಂಗ್ಲಿಷು. ಕನ್ನಡ ಕಿವಿಗೆ ಗೊತ್ತು, ಬಾಯಿಗೆ ಬರುವಷ್ಟರಲ್ಲಿ ಅದು ಹಿಂದಿಯಾಗಿರುತ್ತದೆ.

ಡಾಕ್ಟರ್ ಭಸೀನ್ ಪರಿಚಯ ಮಾಡಿಸಿದರು. "ಜಲಜಾಕ್ಷಿ, ಇವಳೂ ನಿಮ್ಮ ಕರ್ನಾಟಕದವಳೇ. ಇನ್ನು ನೀವಿಬ್ಬರೂ ಬಹನೇಂ."

ಬಹನೇಂ ಅಂತೆ. ನನ್ನಪ್ಪ ಈ ಕರೋಲ್‌ಬಾಗಿನ ಹೋಟೆಲಿನಲ್ಲಿ ಲೋಟ ತೊಳೆದು ಶುರು ಮಾಡಿ ಸಾಂಬಾರಿನ ಹಂಡೆಯ ಮುಂದೆ ಸತ್ತವನು. ಅವಳಪ್ಪ ಅದೇ ಹೋಟೆಲಿಗೆ ಭಾನುವಾರ ಮಸಾಲೆದೋಸೆ ತಿನ್ನಲು ಬರುವವನು. ಒಬ್ಬ ಬೇಯಿಸಿದ್ದನ್ನು ಒಬ್ಬ ತಿಂದರೆ ಮಕ್ಕಳು ಅಕ್ಕತಂಗಿಯರಾಗುತ್ತಾರಾ?

"ಇವಳು ಇಲ್ಲಿ ಏನು ಮಾಡ್ತಾಳೆ?" ಅಂದೆ.

"ಮಾತಾಡ್ತಾಳೆ," ಅಂದರು ಡಾಕ್ಟರು. "ಪೇಷೆಂಟುಗಳ ಜೊತೆ."

ಮಾತಿಗೂ ಸಂಬಳ ಉಂಟು ಅಂತ ಇವತ್ತು ತಿಳಿಯಿತು.

ಈ ಕ್ಲಿನಿಕ್ಕಿಗೆ ಜನ ಬರುವುದೇ ಹಲ್ಲಿಗಿಂತ ಹೆಚ್ಚು ಹೆದರಿಕೆಗೆ. ಬೇರೆ ಕಡೆ ಇಬ್ಬರು ಭುಜ ಒತ್ತಿ ಹಿಡಿದು ಕೀಳುತ್ತಾರೆ. ಇಲ್ಲಿ ಹೆದರುವವರಿಗೆ ಮೂರು ದಾರಿ. ಹಿಂದಿನ ರಾತ್ರಿ ಒಂದು, ಬೆಳಿಗ್ಗೆ ಒಂದು ಕಾಂಪೋಸ್ ಗುಳಿಗೆ, ತೂಕಡಿಸುತ್ತಾ ಬರುತ್ತಾರೆ. ಅದು ಸಾಲದಿದ್ದರೆ ಕೈಯ ರಕ್ತನಾಳಕ್ಕೆ ಇಂಜೆಕ್ಷನ್; ಅರೆನಿದ್ದೆ, ಮನೆಗೆ ಕರೆದೊಯ್ಯಲು ಜನ ಬೇಕು. ಮೂರನೆಯದು ಗ್ಯಾಸು. ಡಾಕ್ಟರು ವಿಲಾಯತಿಯಿಂದ ಬರುವಾಗ ತಂದ ಮೆಷೀನು. ಮೂಗಿನ ಮೇಲೆ ರಬ್ಬರ್ ಮಾಸ್ಕ್, ಮೊದಲು ಬರೀ ಆಕ್ಸಿಜನ್, ಆಮೇಲೆ ಸ್ವಲ್ಪ ಸ್ವಲ್ಪ ಗ್ಯಾಸ್. ನಿದ್ದೆ ಬರುವುದಿಲ್ಲ. ಎಚ್ಚರವಾಗಿಯೇ ಇರುತ್ತಾರೆ, ಹೆದರಿಕೆ ಮಾತ್ರ ಎದ್ದು ಹೋಗುತ್ತದೆ. ಬೆರಳ ತುದಿ ಜುಮ್ಮೆಂದಾಗ ನಿಲ್ಲಿಸಬೇಕು, ಕಣ್ಣು ತೇಲುವ ಮೊದಲೇ ಇಳಿಸಬೇಕು. ಆ ನಾಬ್ ತಿರುಗಿಸುವ ಕೈ ನನ್ನದು. ಹಲ್ಲು ನಂಬ್ ಮಾಡುವ ಸೂಜಿ, ಇಕ್ಕಳ ಡಾಕ್ಟರದು. ಆದರೆ ಅವರ ಇಕ್ಕಳಕ್ಕೆ ಬಾಯಿ ತೆರೆಯುವುದು ನನ್ನ ಕೈಯಿಂದ.

ಇನ್ನು ನಾಲ್ಕನೆಯ ದಾರಿ ಬಂದಿದೆ. ಮಿಸ್ ಮನೋರಮಾ.

೧೦ ಜೂನ್, ಗುರುವಾರ

ಸೀರೆ ಅಂಗಡಿಯ ಮಲ್ಹೋತ್ರಾ ಬಂದಿದ್ದ. ಎರಡು ವರ್ಷದಿಂದ ನನ್ನ ಗಿರಾಕಿ. ಗ್ಯಾಸಿಲ್ಲದೆ ಹಲ್ಲು ತೊಳೆಸಿಕೊಳ್ಳಲೂ ಒಪ್ಪದ ಆಸಾಮಿ. ಮಾಸ್ಕ್ ಒರೆಸಿ ತಯಾರಾಗಿ ನಿಂತಿದ್ದೆ. ಅವಳು ಕುರ್ಚಿಯ ಆ ಕಡೆ ಸ್ಟೂಲ್ ಎಳೆದುಕೊಂಡು ಕೂತಳು, ಅವನ ದಪ್ಪ ಕೈ ಹಿಡಿದಳು, "ಅಂಕಲ್, ಲಾಹೋರಿನಲ್ಲಿ ನಿಮ್ಮ ಮನೆ ಮುಂದೆ ಯಾವ ಅಂಗಡಿ ಇತ್ತು?" ಅಂತ ಕೇಳಿದಳು. ಅಷ್ಟೇ. ಅವನು ಲಾಹೋರಿಗೆ ಹೋದ. ಇಲ್ಲಿ ಡಾಕ್ಟರು ಹಲ್ಲು ಕೊರೆದು ತುಂಬಿ ಮುಗಿಸಿದರು. ನಾನು ಮಾಸ್ಕ್ ಹಿಡಿದುಕೊಂಡು, ಮದುವೆಯಲ್ಲಿ ಎಲೆ ಸಿಗದವಳ ಹಾಗೆ ನಿಂತೇ ಇದ್ದೆ.

"ಸಿಲಿಂಡರ್ ಉಳೀತು!" ಅಂದರು ಡಾಕ್ಟರು, ಅವಳ ಕಡೆ ನೋಡಿ.

ಇದು ಹೊಟ್ಟೆಕಿಚ್ಚಲ್ಲ. ನ್ಯಾಯದ ಪ್ರಶ್ನೆ. ಕೆಲಸ ಗೊತ್ತಿದ್ದವಳು ನಿಂತಿರುವುದು, ಹುಟ್ಟುತ್ತಲೇ ಸ್ಟೂಲ್ ಸಿಕ್ಕಿದವಳು ಕೂತಿರುವುದು. ಈ ದೇಶದ ಕಥೆಯೇ ಇದು.

ಒಂದು ಗಮನಿಸಿದೆ. ಅವಳು ಕುರ್ಚಿಯ ನನ್ನ ಕಡೆಗೆ ಬರುವುದೇ ಇಲ್ಲ. ಮೆಷೀನು, ನಾನು ಒಂದು ಕಡೆ. ಅವಳು ಆ ಕಡೆ. ಮೈ ತಾಗಿದರೆ ಮೈಲಿಗೆಯೇನೋ.

೨೩ ಜೂನ್, ಬುಧವಾರ

ಇವತ್ತು ಒಬ್ಬರಿಗೂ ಗ್ಯಾಸ್ ಇಲ್ಲ. ಮೆಷೀನಿನ ಧೂಳು ಒರೆಸಿದೆ.

೯ ಜುಲೈ, ಶುಕ್ರವಾರ

ಪಟೇಲ್ ನಗರದ ಒಬ್ಬಳು ಸೇಠಾಣಿ. ಕಿವಿಯಲ್ಲಿ ವಜ್ರ, ಬಾಯಲ್ಲಿ ಹುಳುಕು. ಮನೋರಮಾಳ ಮಾತಿಗೂ ಬಗ್ಗಲಿಲ್ಲ. "ಗ್ಯಾಸ್ ಕೊಡಿ," ಅಂದರು ಡಾಕ್ಟರು. ನನಗೆ ಹಬ್ಬ. ಮಾಸ್ಕ್ ಹತ್ತಿರ ತಂದೆ. ಅವಳು ಮುಖ ತಿರುಗಿಸಿ ಕೂಗಿದಳು: "ಇಸ್ ಕಾಲೀ ಕೋ ಹಟಾಓ!"

ಕಪ್ಪಗಿರುವುದನ್ನು ಆಚೆ ತೆಗೆಯಿರಿ. ಮಾಸ್ಕಿನ ರಬ್ಬರೂ ಕಪ್ಪು, ಅದನ್ನು ಹಿಡಿದ ಕೈಯೂ ಕಪ್ಪು. ಅವಳು ಯಾವುದಕ್ಕೆ ಅಂದಳು ಅಂತ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮನೋರಮಾ ಚಟ್ಟನೆ, "ಮಾಸ್ಕ್ ಎಲ್ಲಾ ಕಪ್ಪೇ ಇರುತ್ತೆ ಆಂಟೀಜಿ, ವಿಲಾಯತಿದು," ಅಂದಳು. ನನ್ನ ಮಾನ ಕಾಪಾಡುವವಳ ಹಾಗೆ! ನಾನು ಕೇಳಿದ್ದೆನಾ? ಆ ಸೇಠಾಣಿಯ ಮೇಲೆ ಬಂದ ಕೋಪ ಒಂದು ತೂಕ, ಇವಳ ಮೇಲೆ ಬಂದದ್ದು ಹತ್ತು ತೂಕ. ಬೈದವಳಿಗೆ ತಿರುಗಿ ಬೈಯಬಹುದು. ಕರುಣೆ ತೋರಿಸಿದವಳಿಗೆ ಏನು ಮಾಡುವುದು?

ಮಧ್ಯಾಹ್ನ ಊಟಕ್ಕೆ ನನ್ನ ಡಬ್ಬಿಯಲ್ಲಿ ಬಂಗುಡೆ ಮೀನಿನ ಪುಳಿಮುಂಚಿ. ಮುಚ್ಚಳ ಬೇಕೆಂದೇ ದೊಡ್ಡದಾಗಿ ತೆಗೆದೆ. ಓಡಿ ಹೋಗಲಿ ಅಂತ. ಅವಳು ಮೊಸರನ್ನ ತಿನ್ನುತ್ತಾ ಅಲ್ಲೇ ಕೂತಳು. "ಜಲಜಾ, ಇಷ್ಟೊಂದು ಖಾರ ಹೇಗೆ ತಿಂತೀಯಾ? ವಾಸನೆಗೇ ಕಣ್ಣಲ್ಲಿ ಪಾನೀ ಆ ಗಯಾ ನಂಗೆ," ಅಂತ ನಕ್ಕಳು.

ನಾಟಕ.

೨೦ ಜುಲೈ, ಮಂಗಳವಾರ

ಡಾಕ್ಟರು ಇಬ್ಬರನ್ನೂ ಕರೆದರು. ಗ್ಯಾಸಿನ ಸಿಲಿಂಡರ್ ಸಿಗುವುದು ಕಷ್ಟವಾಗಿದೆ. ಇಬ್ಬರು ಹುಡುಗಿಯರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಆಗಸ್ಟ್ ಕೊನೆಗೆ ಒಬ್ಬರು ಮಾತ್ರ. "ಪೇಷೆಂಟಿನ ಹೆದರಿಕೆ ಯಾರು ಚೆನ್ನಾಗಿ ಇಳಿಸ್ತಾರೋ ಅವರು. ಗ್ಯಾಸಿಂದಲೋ ಮಾತಿಂದಲೋ, ನನಗೆ ಫರಕ್ ಇಲ್ಲ."

ಫರಕ್ ಇಲ್ಲವಂತೆ. ಅವಳಿಗೆ ಇದು ಮದುವೆಯ ತನಕದ ಟೈಂಪಾಸು. ನನಗೆ, ಅಮ್ಮನಿಗೆ ಇದೇ ಒಲೆ. ಇದು ಹೋದರೆ ನಾನು ಹೋಟೆಲಿನ ಹಿತ್ತಲಿಗೆ, ಅಮ್ಮನ ಪಕ್ಕ, ರುಬ್ಬುವ ಕಲ್ಲಿನ ಮುಂದೆ. ಅಪ್ಪ ನನ್ನನ್ನು ಆ ಕಲ್ಲಿನಿಂದ ಎಬ್ಬಿಸಲಿಕ್ಕೇ ಹತ್ತನೇ ಕ್ಲಾಸು ಓದಿಸಿದ್ದು.

ರಾತ್ರಿ ಅನ್ನ ಸೇರಲಿಲ್ಲ. ಅವಳ ಕೈ ನೆನಪಾಗುತ್ತದೆ. ಬೆಳ್ಳಗಿನ, ಒಂದೂ ಬರೆ ಇಲ್ಲದ ಕೈ. ಎಲ್ಲರೂ ಹಿಡಿದುಕೊಳ್ಳುವ ಕೈ.

೨ ಆಗಸ್ಟ್, ಸೋಮವಾರ

ಅಣ್ಣು ಮಾವ ಬಂದಿದ್ದರು. ಅಪ್ಪನ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು, ಈಗ ಹೋಟೆಲಿನ ದೋಸೆ ಕಾವಲಿ ಅವರದು. ನಲವತ್ತು ದಾಟಿದ ಮೇಲೆ ಮದುವೆ ನಿಶ್ಚಯವಾಗಿದೆ, ತಮ್ಮೂರು ಮೂಲ್ಕಿಯದೇ ಹುಡುಗಿ, ಸುಜಾತಾ. ನವೆಂಬರಿಗೆ ಊರಿಗೆ ಹೊರಡುವವರು, ಬಂದ ಕೂಡಲೇ ಅದನ್ನು ಮನೋರಮಾಳಿಗೂ ಹೇಳಿಯಾಯಿತು. ಕೆಳಗಿನ ದವಡೆಹಲ್ಲು ಹುಳುಕಾಗಿ ಕೆನ್ನೆ ಹಿಡಿದುಕೊಂಡು ಬಂದರು. ಕಾವಲಿಯ ಮುಂದೆ ಹುಲಿ, ಕುರ್ಚಿಯಲ್ಲಿ ಗುಬ್ಬಚ್ಚಿ. ಬೆವರು ಕುತ್ತಿಗೆಗೆ ಇಳಿಯುತ್ತಿತ್ತು.

"ಜಲಜಾ, ನೀನು ಇಲ್ಲೇ ಇರು ಮಾರಾಯ್ತಿ," ಅಂದರು.

ಆದರೆ ಡಾಕ್ಟರು ಮನೋರಮಾಳಿಗೆ ಸನ್ನೆ ಮಾಡಿದರು. ಅವಳು ಸ್ಟೂಲ್ ಎಳೆದಳು, ಕೈ ಹಿಡಿದಳು. ಮಾವ ಕನ್ನಡದಲ್ಲಿ ಕೇಳಿದರು, "ಎಂತ ಮಾಡ್ತಾರೆ ಈಗ?" ಅವಳು ಮುಖದ ತುಂಬ ನಗು ತಂದುಕೊಂಡು ಹಿಂದಿ ಬೆರೆಸಿ ಉತ್ತರ ಕೊಟ್ಟಳು:

"ಡರೋ ಮತ್, ಅಂಕಲ್. ಒಂದು ಚಿಕ್ಕ ಸೂಜಿ. ಬಸ್, ನಸ್ ಬಂದ್ ಕರ್ ದೇಂಗೆ. ಆಪ್‌ಕೋ ಪತಾ ಭೀ ನಹೀಂ ಚಲೇಗಾ."

ಹಲ್ಲಿನ ನರವನ್ನು ಸೂಜಿಯಿಂದ ಮುಚ್ಚುತ್ತೇವೆ, ನೋವು ಗೊತ್ತೇ ಆಗುವುದಿಲ್ಲ. ಅವಳು ಹೇಳಿದ್ದು ಅದು. ಡಾಕ್ಟರೂ ದಿನಾ ಹಾಗೇ ಹೇಳುತ್ತಾರೆ. ಪಂಜಾಬಿಗಳು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಅಣ್ಣು ಮಾವನ ಹಿಂದಿ ಹೋಟೆಲಿನ ಹಿಂದಿ. ಈ ವರ್ಷ ಈ ಊರಲ್ಲಿ ಗಂಡಸರನ್ನು ಬಸ್‌ಸ್ಟ್ಯಾಂಡಿನಿಂದ, ಸಿನೆಮಾ ಕ್ಯೂನಿಂದ ಎತ್ತಿಕೊಂಡು ಹೋಗಿ ಮಕ್ಕಳಾಗದ ಹಾಗೆ ಕೊಯ್ದು ಕಳಿಸುತ್ತಿರುವಾಗ ಅವರಿಗೆ ಗೊತ್ತಿರುವ ನಸ್‌ಬಂದಿ ಒಂದೇ.

ಅವರ ಮುಖ ಅಕ್ಕಿಹಿಟ್ಟಿನ ಹಾಗಾಯಿತು. ನನಗೆ ಆ ಕ್ಷಣವೇ ಹೊಳೆಯಿತು. "ಮಾವ, ಅದು ಹಲ್ಲಿನ ನರ!" ಅಂದರೆ ಮುಗಿಯುತ್ತಿತ್ತು.

ಹೇಳಲಿಲ್ಲ. ನನ್ನ ಕೆಲಸ ಗ್ಯಾಸು. ಮಾತು ಅವಳ ಕೆಲಸ.

ಮಾವ ಎದ್ದರು. ಟ್ರೇ ಉರುಳಿತು, ಡಾಕ್ಟರ ಸೂಜಿ ನೆಲಕ್ಕೆ. ಕೊರಳಿಗೆ ಕಟ್ಟಿದ್ದ ಬಿಳಿ ಬಟ್ಟೆ ಹಾರಾಡಿಸಿಕೊಂಡು ಮೆಟ್ಟಿಲಿಳಿದು ಓಡಿದರು. ಮನೋರಮಾ ಬಾಯಿ ತೆರೆದುಕೊಂಡು ನಿಂತಿದ್ದಳು. ಹಿಡಿದಿದ್ದ ಕೈ ಹಾಗೇ ಗಾಳಿಯಲ್ಲಿ.

ಆ ಕೈ ಖಾಲಿಯಾಗಿದ್ದನ್ನು ನಾನು ಮೊದಲ ಸಲ ನೋಡಿದ್ದು.

೩ ಆಗಸ್ಟ್, ಮಂಗಳವಾರ

ಡಾಕ್ಟರು ಅವಳಿಗೆ ಬೈದರು. ಅವಳು ಬಾತ್ರೂಮಿನಲ್ಲಿ ಅತ್ತಳು. ಗೋಡೆಯ ಈ ಕಡೆ ಕೇಳಿಸುತ್ತಿತ್ತು. ಚೆನ್ನಾಗಿತ್ತು.

೬ ಆಗಸ್ಟ್, ಶುಕ್ರವಾರ

ಅಮ್ಮ ಹೇಳಿದಳು: "ಅಣ್ಣು ಮೂರು ದಿನದಿಂದ ಕಾವಲಿಗೆ ನಿಂತಿಲ್ಲ. ಸ್ಟೋರಿನಲ್ಲಿ ಅಕ್ಕಿ ಮೂಟೆಯ ಹಿಂದೆ ಮಲಗಿದ್ದಾನೆ. ಮುಖ ಹಲಸಿನ ಕಾಯಿ ಆಗಿದೆ."

ಹೋದೆ. ಕೆನ್ನೆ ಕುತ್ತಿಗೆಯ ತನಕ ಊದಿದೆ, ಮುಟ್ಟಿದರೆ ಸುಡುತ್ತದೆ. ಬಾಯಿ ಒಂದು ಬೆರಳಿನಷ್ಟೂ ತೆರೆಯುವುದಿಲ್ಲ. ಹಲ್ಲು ಕಚ್ಚಿಕೊಂಡೇ ಮಾತು.

"ನಗುನಗುತ್ತಾ ಹೇಳಿದಳಲ್ಲ ಜಲಜಾ ಆ ಹುಡುಗಿ! ನಸ್ ಬಂದ್ ಮಾಡ್ತೇವೆ, ನಿಮಗೆ ಗೊತ್ತೇ ಆಗುದಿಲ್ಲ ಅಂತ! ಇಂಥ ಧೈರ್ಯ ಪೊಲೀಸಿನವರಿಗೂ ಇಲ್ಲ."

"ಅದು ಹಲ್ಲಿನ ನಸ್, ಮಾವ. ನರ. ಹಲ್ಲಿನ ನರ ಮರಗಟ್ಟಿಸ್ತಾರೆ, ಅಷ್ಟೇ."

"ಹಲ್ಲಿಗೂ ನಸ್ ಉಂಟಾ?"

"ನರಕ್ಕೆ, ರಕ್ತನಾಳಕ್ಕೆ, ನಿಮ್ಮ ಆ ಇದಕ್ಕೆ, ಎಲ್ಲಕ್ಕೂ ಈ ಜನ ಒಂದೇ ಶಬ್ದ ಇಟ್ಟುಕೊಂಡಿದ್ದಾರೆ."

ಮಾವ ಮೂಟೆಗೆ ಒರಗಿ ಎದ್ದು ಕೂತರು. "ನೀನು ಅಲ್ಲೇ ನಿಂತಿದ್ದಿಯಲ್ಲ. ಆಗ ಯಾಕೆ ಹೇಳಲಿಲ್ಲ?"

"ಸಿಲಿಂಡರ್ ನೋಡ್ತಾ ಇದ್ದೆ."

ಸುಳ್ಳಲ್ಲ. ಸಿಲಿಂಡರ್ ಅಲ್ಲೇ ಇತ್ತು.

೭ ಆಗಸ್ಟ್, ಶನಿವಾರ

ಮಾವನನ್ನು ರಿಕ್ಷಾದಲ್ಲಿ ಎಳೆದುಕೊಂಡು ಬಂದೆ. ಡಾಕ್ಟರು ನೋಡಿದರು, ಮುಖ ಗಂಟು ಹಾಕಿದರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಕೀವು ಕೆಳಗಿಳಿಯುತ್ತಿದೆ. ಗಂಟಲಿಗೆ ಹೋದರೆ ಉಸಿರೇ ಕಟ್ಟುತ್ತದೆ, ಜನ ಸತ್ತಿದ್ದಾರೆ. ಇವತ್ತು ನಾಳೆ ಪೆನಿಸಿಲಿನ್. ಸೋಮವಾರ ಹಲ್ಲು ಬರಲೇಬೇಕು. ಈ ಕೀವಿನಲ್ಲಿ ಸೂಜಿಯೊಂದೇ ಸಾಲದು, ಈ ಬಾಯಿ ಹೆದರಿಕೆಯಲ್ಲಿ ತೆರೆಯುವುದೂ ಇಲ್ಲ. ಗ್ಯಾಸ್ ಕೊಡಬೇಕು.

ಮಾವನಿಗೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಗ್ಯಾಸ್ ಅಂದರೆ ನಿದ್ದೆ. ನಿದ್ದೆಯಲ್ಲಿ ಹಲ್ಲಿನ ನಸ್ ಬಿಟ್ಟು ಆ ನಸ್‌ಬಂದಿಯನ್ನೇ ಮಾಡಿದರೆ ಯಾರು ನೋಡುದು? ಈ ಊರಿನ ಡಾಕ್ಟರ ಮುಂದೆ ನಾನು ಕಣ್ಣು ಮುಚ್ಚುದಿಲ್ಲ."

"ನಿದ್ದೆ ಬರುದಿಲ್ಲ ಮಾವ, ನಾನೇ ಕೊಡುದು..."

"ನೀನು ಸಿಲಿಂಡರ್ ನೋಡ್ತಾ ಇರ್ತಿ."

ಸೂಜಿ ಚುಚ್ಚಿದ ಹಾಗಾಯಿತು. ಒಳಗೆ ಬಂದೆ.

ಮನೋರಮಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಹೇಳಿದ ಮಾತು ಮಾವನ ಕಿವಿಯಲ್ಲಿ ಏನಾಯಿತು ಅಂತ ಅವಳಿಗೆ ಈಗಷ್ಟೇ ಗೊತ್ತಾದದ್ದು. ಮೊದಲು ಕೆಂಪಾದಳು, ಆಮೇಲೆ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿದಳು, ಆಮೇಲೆ ಅತ್ತಳು. ಮೂರೂ ಒಂದೇ ನಿಮಿಷದಲ್ಲಿ.

"ನಂಗೆ ಕನ್ನಡದಲ್ಲಿ ಹೇಳಿಕೊಡು. ನಸ್ ಬಂದ್‌ಗೆ ಏನಂತಾರೆ?"

"ನರ ಮರಗಟ್ಟಿಸೋದು."

"ಮರ್?" ಅವಳ ಕಣ್ಣು ಅಗಲವಾಯಿತು. "ಮರ್ ಜಾಯೇಂಗೇ ಅಂತ ಹೇಳ್ಲಾ ಅವರಿಗೆ?"

"ಸಾಯೋದಲ್ಲ. ಮರ. ಪೇಡ್. ಮರದ ಹಾಗೆ ಆಗೋದು."

"ಹಲ್ಲು ಮರ ಆಗತ್ತೆ. ಅಚ್ಛಾ." ಇನ್ನೊಂದು ಸಲ ಬಾಯಲ್ಲೇ ಹೇಳಿಕೊಂಡಳು. "ಎಷ್ಟು ಚೆನ್ನಾಗಿದೆ!"

ನನಗೂ ನಗು ಬಂತು. ತಡೆದುಕೊಂಡೆ.

೯ ಆಗಸ್ಟ್, ಸೋಮವಾರ

ಇವತ್ತಿನದೆಲ್ಲ ಬರೆಯಬೇಕು. ಬೆಳಿಗ್ಗೆಯಿಂದ ಬರೆಯುತ್ತೇನೆ.

ಅಣ್ಣು ಮಾವ ಬಂದರು. ನಾನು ಹೇಳಿದ್ದಕ್ಕಲ್ಲ, ರಾತ್ರಿ ಉಗುಳು ನುಂಗಲೂ ಆಗದೆ ಹೆದರಿ ಬಂದರು. ಪೈಜಾಮದ ಲಾಡಿಗೆ ಗಂಟಿನ ಮೇಲೆ ಗಂಟು, ಅದರ ಮೇಲೆ ಬೆಲ್ಟು, ಅದರ ಮೇಲೆ ಲುಂಗಿ. "ಇದನ್ನು ಬಿಚ್ಚಲಿಕ್ಕೆ ನನಗೇ ಒಂದು ಗಂಟೆ ಬೇಕು," ಅಂದರು. ಕುರ್ಚಿಯಲ್ಲಿ ಕೂತರು. ಮಾಸ್ಕ್ ನೋಡಿದ್ದೇ ಮತ್ತೆ ಎದ್ದರು.

"ಇಲ್ಲ. ಸತ್ತರೆ ಇಡಿಯಾಗಿ ಸಾಯ್ತೇನೆ."

ಡಾಕ್ಟರು ಗಡಿಯಾರ ನೋಡಿದರು. ನಾನು ಹಿಂದಿಯಲ್ಲಿ, ಕನ್ನಡದಲ್ಲಿ, ತುಳುವಿನಲ್ಲಿ ಹೇಳಿ ಸೋತೆ. ನಿದ್ದೆ ಬರುವುದಿಲ್ಲ ಅಂತ ನಿದ್ದೆಗೆ ಹೆದರಿದವನಿಗೆ ಯಾವ ಭಾಷೆಯಲ್ಲಿ ಹೇಳಿದರೂ ನಂಬಿಕೆ ಬರುವುದಿಲ್ಲ.

ಆಗ ಮನೋರಮಾ ಹೇಳಿದಳು: "ಮೊದಲು ನಂಗೆ ಕೊಡಿ. ಅಂಕಲ್ ನೋಡಲಿ."

ಡಾಕ್ಟರು ಯೋಚಿಸಿದರು. "ಥೋಡಾ ಸಾ. ಜಲಜಾ, ಹುಷಾರು," ಅಂದರು.

ಅವಳು ಕುರ್ಚಿಯಲ್ಲಿ ಒರಗಿದಳು. ನಾನು ಮಾಸ್ಕ್ ತೆಗೆದುಕೊಂಡು ಬಗ್ಗಿದೆ. ಆಗ ನೋಡಿದೆ: ಅವಳ ತುಟಿ ಬೆಳ್ಳಗಾಗಿತ್ತು. ಕೊರಳಿನ ಮೂಳೆ ಮೇಲೆ ಕೆಳಗೆ ಆಗುತ್ತಿತ್ತು. ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು:

"ಚಿಕ್ಕವಳಿದ್ದಾಗ ಟಾನ್ಸಿಲ್ ಆಪರೇಷನ್. ನಾಲ್ಕು ಜನ ಹಿಡ್ಕೊಂಡು ಮುಖದ ಮೇಲೆ ಬಟ್ಟೆ ಒತ್ತಿದ್ರು. ಈ ರಬ್ಬರ್ ವಾಸನೆಗೆ ನಂಗೆ ಉಸಿರು ಕಟ್ಟತ್ತೆ, ದಮ್ ಘುಟ್‌ತಾ ಹೈ, ಜಲಜಾ. ಅದಕ್ಕೇ ನಿನ್ನ ಕಡೆ ಬರೋದೇ ಇಲ್ಲ ನಾನು. ನೀ ಮಾತಾಡ್ತಾ ಇರು. ನಿಲ್ಲಿಸಬೇಡ."

ಎರಡು ತಿಂಗಳು ಆ ಕಡೆಯೇ ನಿಂತದ್ದಕ್ಕೆ ನಾನು ಜಾತಿ ಹುಡುಕಿದ್ದೆ. ಇರಲಿ. ಹುಡುಕುವ ಹಾಗೆ ಈ ದೇಶವೇ ನನಗೆ ಕಲಿಸಿದ್ದು.

ಮಾಸ್ಕ್ ಇಟ್ಟೆ. ಆಕ್ಸಿಜನ್ ಬಿಟ್ಟೆ. ನನ್ನ ಎಡಗೈ ಅವಳ ಕೈಗೆ ಸಿಕ್ಕಿತು, ಹಿಂಡಿ ಹಿಡಿದಳು. ಬಲಗೈ ನಾಬಿನ ಮೇಲೆ. ಇಲ್ಲಿ ನಿಜ ಬರೆಯುತ್ತೇನೆ, ಓದುವವರು ಯಾರೂ ಇಲ್ಲ. ಒಂದೇ ಒಂದು ತಿರುವು ಸಾಕಿತ್ತು. ಕಣ್ಣು ಮೇಲೆ ತೇಲುತ್ತಿತ್ತು, ವಾಂತಿ ಮಾಡಿಕೊಳ್ಳುತ್ತಿದ್ದಳು, ಇನ್ನು ಈ ಕ್ಲಿನಿಕ್ಕಿನ ಬಾಗಿಲಿಗೆ ಬರುತ್ತಿರಲಿಲ್ಲ. ಆಗಸ್ಟ್ ಕೊನೆಯ ತನಕ ಕಾಯುವುದೇ ಬೇಕಿರಲಿಲ್ಲ. ನನ್ನ ಬೆರಳಿಗೆ ಅದು ಗೊತ್ತಿತ್ತು.

ತಿರುಗಿಸಲಿಲ್ಲ. ಅಣ್ಣು ಮಾವ ನೋಡುತ್ತಿದ್ದರಲ್ಲ, ಅದಕ್ಕೆ. ಬೇರೆ ಏನೂ ಇಲ್ಲ.

"ಮೂಗಲ್ಲಿ ಎಳ್ಕೋ," ಅಂದೆ. "ಬಾಯಿ ಮುಚ್ಚು, ಅದು ನಿನಗೆ ಕಷ್ಟ ಅಂತ ಗೊತ್ತು. ನಾಲ್ಕು ಜನ ಇಲ್ಲ ಇಲ್ಲಿ. ಬಟ್ಟೆ ಇಲ್ಲ. ನಾನೊಬ್ಬಳೇ. ಬೆರಳು ಜುಮ್ ಅಂದ್ರೆ ಹೇಳು. ನಾನಿದ್ದೇನೆ."

ಏನೇನು ಮಾತಾಡಿದೆನೋ. ಅವಳ ಹಿಡಿತ ಮೆಲ್ಲಗೆ ಸಡಿಲವಾಯಿತು. "ಜುಮ್," ಅಂದಳು. ನಗತೊಡಗಿದಳು. ಅಲ್ಲಿಗೇ ನಿಲ್ಲಿಸಿದೆ.

"ಕೇಳಿ ಮಾವ, ಏನು ಬೇಕಾದರೂ ಕೇಳಿ."

ಮಾವ ಕೋರ್ಟಿನ ವಕೀಲರ ಹಾಗೆ ಹತ್ತಿರ ಬಂದರು. "ನಾನು ಯಾರು?"

"ಅಣ್ಣು ಅಂಕಲ್."

"ಊರು?"

"ಮೂಲ್ಕಿ."

"ನನಗೆ ನಿಶ್ಚಯ ಆದವಳ ಹೆಸರು?"

"ಸುಜಾತಾ ಆಂಟಿ." ಮಾಸ್ಕಿನ ಕೆಳಗೆ ಖಿಲಖಿಲ. "ಅಂಕಲ್‌ಗೆ ನಾಚಿಕೆ! ಶರ್ಮಾ ಗಯೇ!"

ಮಾವನ ಊದಿದ ಕೆನ್ನೆಯೂ ಕೆಂಪಾಯಿತು. ಆದರೂ ನಂಬಿಕೆ ಇಲ್ಲ. ಸದ್ದಿಲ್ಲದೆ ಕುರ್ಚಿಯ ಕೊನೆಗೆ ಹೋದರು, ಬಗ್ಗಿದರು, ಅವಳ ಕಾಲಿನ ಒಂದು ಚಪ್ಪಲಿ ಮೆಲ್ಲಗೆ ಕಳಚಿದರು. ಅಂಡರ್ ಸೆಕ್ರೆಟರಿಯ ಮಗಳ ಚಪ್ಪಲಿ ದೋಸೆ ಹುಯ್ಯುವವನ ಕೈಯಲ್ಲಿ.

"ಚೋರ್!" ಅಂದಳು ಮನೋರಮಾ, ಕಣ್ಣು ಮುಚ್ಚಿಕೊಂಡೇ. "ಚಪ್ಪಲ್ ಚೋರ್! ಎಡಗಾಲಿಂದು!"

ಮಾವ ಚಪ್ಪಲಿ ಕೆಳಗಿಟ್ಟರು. "ಸರಿ. ಚಪ್ಪಲಿ ಗೊತ್ತಾದರೆ ಲಾಡಿಯೂ ಗೊತ್ತಾಗ್ತದೆ," ಅಂದರು. ಮನೋರಮಾ ಎದ್ದ ಮೇಲೆ ತಾವೇ ಹತ್ತಿ ಕೂತರು.

ನಾನು ಮಾಸ್ಕ್ ಇಟ್ಟೆ. ಅವರ ಕಣ್ಣು ನನ್ನ ಮೇಲೆ. ಮನೋರಮಾ ಇನ್ನೂ ಸ್ವಲ್ಪ ತೂರಾಡುತ್ತಿದ್ದಳು. ಮಾತಾಡಬೇಕಾದವಳು ಅವಳು, ಅವಳ ನಾಲಿಗೆ ತಿರುಗುತ್ತಿರಲಿಲ್ಲ. ಹಾಗಾಗಿ ನಾನೇ ಶುರು ಮಾಡಿದೆ.

"ಮಾವ, ಹೊರಗೆ ಗಿರಾಕಿ ಕೂತಿದ್ದಾರೆ. ಕಾವಲಿ ಕಾದಿದೆ. ನೀರು ಚಿಮುಕಿಸಿ. ಚುಂಯ್ ಅಂತಾ? ಹಿಟ್ಟು ಹುಯ್ಯಿ. ನಡುವಿನಿಂದ, ನಡುವಿನಿಂದ! ಎಷ್ಟು ವರ್ಷ ಆಯ್ತು, ಇನ್ನೂ ದಪ್ಪ ಹುಯ್ತೀರಿ. ಅಂಚಿಗೆ ಎಣ್ಣೆ. ಏನು ಮಾವ, ಇದು ದೋಸೆಯಾ ಕಂಬಳಿಯಾ? ಇನ್ನೊಂದು..."

ಅವರ ಬಲಗೈ ತೋರುಬೆರಳು ಕುರ್ಚಿಯ ಕೈಯ ಮೇಲೆ ಸುತ್ತತೊಡಗಿತು. ಸುತ್ತು, ದೊಡ್ಡ ಸುತ್ತು, ಇನ್ನೂ ದೊಡ್ಡ ಸುತ್ತು. ಬಾಯಿ ತೆರೆಯಿತು. ಡಾಕ್ಟರು ಸೂಜಿ ಹಾಕಿದರು, ಕಾದರು, ಇಕ್ಕಳ ಇಳಿಸಿದರು. ಕೀವು ಹರಿಯಿತು. ಹಲ್ಲು ಟ್ರೇಯಲ್ಲಿ ಠಣ್ ಅಂತು. ಮಾವನ ಬೆರಳು ಇನ್ನೂ ದೋಸೆ ಎಳೆಯುತ್ತಲೇ ಇತ್ತು.

ಆಮೇಲೆ ತಿರುಗಿ ನೋಡಿದರೆ ಮನೋರಮಾ ನನ್ನ ಪಕ್ಕದಲ್ಲಿದ್ದಳು. ಮೆಷೀನಿನ ಕಡೆ. ಒಂದೇ ಕಾಲಿಗೆ ಚಪ್ಪಲಿ.

೧೦ ಆಗಸ್ಟ್, ಮಂಗಳವಾರ

ಮಾವನಿಗೆ ಊತ ಇಳಿದಿದೆ. ಗಂಜಿ ಕುಡಿದರಂತೆ. ಇಡೀ ಹೋಟೆಲಿಗೆ ಹೇಳಿಕೊಂಡು ಬಂದಿದ್ದಾರೆ: ಲಾಡಿ ಹಾಗೇ ಉಂಟು.

೩೧ ಆಗಸ್ಟ್, ಮಂಗಳವಾರ

ಡಾಕ್ಟರು ಕರೆದರು. ಬಾಗಿಲ ಹೊರಗೆ ನಿಂತಾಗ ನನ್ನ ಕಾಲು ಮರಗಟ್ಟಿತ್ತು.

ಒಳಗೆ ಮನೋರಮಾ ಆಗಲೇ ಮಾತಾಡಿ ಮುಗಿಸಿದ್ದಳು. ಮಾಸ್ಕ್ ಹಿಡಿಯಲು ತನ್ನಿಂದ ಯಾವತ್ತೂ ಆಗುವುದಿಲ್ಲ ಅಂತ ಅವಳೇ ಹೇಳಿದಳಂತೆ. ಡಾಕ್ಟರು ನನಗೆ ಹೇಳಿದ್ದು: "ಅವಳು ಗ್ಯಾಸ್ ಕಲಿಯೋಲ್ಲ. ನೀನು ಮಾತು ಕಲಿತಿದ್ದೀಯ. ನೀನೇ ಇರು."

ಮಾತು ಕಲಿತಿದ್ದೇನಂತೆ! ದೋಸೆ ದಪ್ಪ ಅಂತ ಮಾವನಿಗೆ ಬೈದದ್ದು ಅದು. ಇವರಿಗೆ ಕನ್ನಡ ಬಾರದ್ದಕ್ಕೆ ಹಾಗೆ ಕೇಳಿಸಿದೆ.

ಗೆದ್ದೆ. ಇದಕ್ಕಾಗಿ ಎರಡು ತಿಂಗಳು ಹೊಟ್ಟೆ ಸುಟ್ಟುಕೊಂಡಿದ್ದೆ. ಹೊರಡುವಾಗ ಅವಳು, "ಜಲಜಾ, ಬೋರ್ ಆದ್ರೆ ಫೋನ್ ಮಾಡು," ಅಂದಳು. ನಮ್ಮ ಕೋಣೆಯಲ್ಲಿ ಫೋನ್ ಇದೆ ಅಂದುಕೊಂಡಿದ್ದಾಳೆ ಹುಚ್ಚಿ. ಬಸ್‌ಸ್ಟಾಪಿನ ತನಕ ಹೋದೆ. ಬಿಟ್ಟು ಬರಲಿಕ್ಕಲ್ಲ, ನನಗೂ ಆ ಕಡೆ ತರಕಾರಿ ತರುವುದಿತ್ತು.

ತರಕಾರಿ ತರಲು ಮರೆತೆ.

೨೦ ಸೆಪ್ಟೆಂಬರ್, ಸೋಮವಾರ

ಇಡೀ ದಿನ ಕೆಲಸ. ಒಬ್ಬ ಸರ್ದಾರ್ಜಿ ಹುಡುಗ, ಗಡ್ಡ ಈಗಷ್ಟೇ ಬಂದಿದೆ, ಗಡಗಡ ನಡುಗುತ್ತಿದ್ದ. ಮಾಸ್ಕ್ ಇಡುವ ಮೊದಲು ಕೇಳಿದೆ, "ಊರು ಯಾವುದು? ಮನೆ ಮುಂದೆ ಯಾವ ಅಂಗಡಿ?" ಹೇಳುತ್ತಾ ಹೇಳುತ್ತಾ ಗ್ಯಾಸೇ ಬೇಡ ಅಂದ. ಸಿಲಿಂಡರ್ ಉಳಿಯಿತು.

ಮಧ್ಯಾಹ್ನ ಒಬ್ಬಳೇ ಉಂಡೆ. ಪುಳಿಮುಂಚಿಗೆ ಖಾರ ಸಾಲದು ಅನ್ನಿಸಿತು. ಅಮ್ಮನಿಗೆ ಬೈದೆ. ಅವಳು ಅದೇ ಖಾರ ಅಂತಾಳೆ.

೧ ಅಕ್ಟೋಬರ್, ಶುಕ್ರವಾರ

ಮನೋರಮಾ ಬಂದಿದ್ದಳು. ಸೌತ್ ಎಕ್ಸ್‌ಟೆನ್ಷನ್ನಿನ ಒಂದು ಹೊಸ ಕ್ಲಿನಿಕ್ಕಿನಲ್ಲಿ ಸೇರಿದ್ದಾಳೆ. ಅಲ್ಲೂ ಗ್ಯಾಸ್ ಮೆಷೀನ್ ಬಂದಿದೆ. ಇವಳು ಮಾತಿಗೆ, ಗ್ಯಾಸಿಗೆ ಬೇರೆ ಹುಡುಗಿ, ಹುಬ್ಬಳ್ಳಿಯವಳು, ರತ್ನಾ ಅಂತ.

"ಎಷ್ಟು ಜಾಣೆ ಗೊತ್ತಾ ಜಲಜಾ! ನಂಗೆ ಕನ್ನಡ ಕಲಿಸ್ತಾಳೆ. ಈಗ ನಾನು 'ನೋವು ಆಗೂದಿಲ್ರೀ' ಅಂತೀನಿ."

ಆಗೂದಿಲ್ರೀ! ನಾನು ಕಲಿಸಿದ ಕನ್ನಡಕ್ಕೆ ಏನಾಗಿತ್ತು?

"ನಂಗೂ ಒಂದು ಹಲ್ಲು ತೆಗೆಸಬೇಕು," ಅಂತ ಕೆನ್ನೆ ಮುಟ್ಟಿಕೊಂಡಳು. "ಕೊನೇ ದವಡೆಹಲ್ಲು, ಅಕಲ್ ದಾಢ್. ಸೋಮವಾರ. ಅಲ್ಲೇ, ಗ್ಯಾಸಲ್ಲೇ. ಈಗ ಹೆದರಿಕೆ ಇಲ್ಲ. ರತ್ನಾ ಇದ್ದಾಳಲ್ಲ."

ರತ್ನಾ ಇದ್ದಾಳಲ್ಲ.

"ಒಳ್ಳೇದಾಯ್ತು," ಅಂದೆ. ಮಾಸ್ಕ್ ಒರೆಸುತ್ತಾ ನಿಂತೆ. ಆಗಲೇ ಒರೆಸಿದ್ದ ಮಾಸ್ಕ್. ಅವಳು ಹೋದ ಮೇಲೂ ಒರೆಸುತ್ತಲೇ ಇದ್ದೆ. ಯಾರು ಈ ರತ್ನಾ? ಎಲ್ಲಿ ಕಲಿತಳು? ಎಷ್ಟು ಜನಕ್ಕೆ ಗ್ಯಾಸ್ ಕೊಟ್ಟಿದ್ದಾಳೆ? ನಾಲ್ಕು ಜನ ಹಿಡಿದುಕೊಂಡು ಬಟ್ಟೆ ಒತ್ತಿದ್ದು ಅವಳಿಗೆ ಗೊತ್ತಾ? ಮೆಷೀನು ಹೊಸದಿದ್ದರೆ ಆಯಿತಾ?

ಡಾಕ್ಟರ ಹತ್ತಿರ ಹೋಗಿ ಸೋಮವಾರ ರಜೆ ಕೇಳಿದೆ. "ಯಾಕೆ, ಹುಷಾರಿಲ್ವಾ?" ಅಂದರು. ಹೌದು ಅಂದೆ.

ಸೌತ್ ಎಕ್ಸ್‌ಟೆನ್ಷನ್ನಿಗೆ ಇಲ್ಲಿಂದ ಎರಡು ಬಸ್ ಬದಲಾಯಿಸಬೇಕು. ಹೋಗುತ್ತೇನೆ. ಅವಳಿಗಾಗಿ ಅಲ್ಲ. ಆ ರತ್ನಾ ಮಾಸ್ಕ್ ಹೇಗೆ ಹಿಡಿಯುತ್ತಾಳೆ, ಅದೊಂದು ನೋಡಬೇಕು. ಸರಿಯಾಗಿ ಹಿಡಿಯದಿದ್ದರೆ ಕೈಯಿಂದ ಕಿತ್ತುಕೊಳ್ಳುತ್ತೇನೆ.